ಎಡಕ್ಕೆ ಬಿದ್ದ ನೆರಳು

ನ್ಯೂ ಟೌನ್, ಕೋಲ್ಕತಾ
2 ಜೂನ್ 2025

ಯಶವಂತಣ್ಣನಿಗೆ,

ನೀವು ಫೋನ್ ಎತ್ತುತ್ತಿಲ್ಲ. ಮೆಸೇಜು ನೋಡುತ್ತೀರಿ, ಉತ್ತರ ಕೊಡುವುದಿಲ್ಲ. ಹಾಗಾಗಿ ಅಂಚೆಗೆ ಹಾಕುತ್ತಿದ್ದೇನೆ. ಒಂದೇ ಊರಿನ ಈ ತುದಿಯಿಂದ ಆ ತುದಿಗೆ ಕಾಗದ ಬರೆಯುವ ಕಾಲ ಬಂತಲ್ಲ ಎಂದು ನೀವು ನಗಬಹುದು. ನಕ್ಕರೆ ನನಗೆ ಅಷ್ಟೇ ಸಾಕು.

ಆ ಶುಕ್ರವಾರ ಬೆಳಿಗ್ಗೆ ನಿಮ್ಮ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ, ನನ್ನದಕ್ಕೆ ತೆರೆಯಿತು. ಯಂತ್ರ ಕೆಟ್ಟಿರಬೇಕು ಎಂದುಕೊಂಡು "ಒಳಗಿಂದ ಯಾರನ್ನಾದ್ರೂ ಕಳಿಸ್ತೀನಿ ಇರಿ ಅಣ್ಣ" ಎಂದು ನಗುತ್ತಲೇ ಒಳಗೆ ಹೋದೆ. ಕಾವಲಿನವನಿಗೆ ಹೇಳಿದರೆ ಅವನು ತನ್ನ ಪರದೆ ನೋಡಿ ಇಲ್ಲವೆಂದು ತಲೆಯಾಡಿಸಿದ. ನಾನು ಓಡಿಬಂದಾಗ ಗಾಜಿನಾಚೆ ನೀವಿರಲಿಲ್ಲ. ಹತ್ತು ವರ್ಷ ದುಡಿದವರನ್ನು ಕಳಿಸಲು ಒಂದು ಮಾತೂ ಬೇಡವಾಯಿತು, ಬಾಗಿಲು ತೆರೆಯದಿದ್ದರೆ ಆಯಿತು. ಇವತ್ತಿಗೂ ಆ ಬಾಗಿಲಿಗೆ ಕಾರ್ಡು ಇಡುವ ಮೊದಲು ನಾನೊಮ್ಮೆ ಹಿಂದಿರುಗಿ ನೋಡುತ್ತೇನೆ.

ನಾವು ಕಟ್ಟುತ್ತಿದ್ದ ಕಂಪ್ಯೂಟರ್ ಆಟದ ಸುದ್ದಿ ಹೇಳಬೇಕು. ಅಜ್ಜಿ ಹೋದಳು. ಹಳೇ ಕೋಲ್ಕತಾದ ಓಣಿಯಲ್ಲಿ ಮೊಮ್ಮಗಳು ಕಳೆದುಹೋದ ಅಜ್ಜಿಯನ್ನು ಹುಡುಕುವ ಕಥೆ ಯಾರಿಗೂ ಬೇಡವಂತೆ. ಗುರುಗ್ರಾಮದಿಂದ ಬಂದ ಹೊಸ ಮ್ಯಾನೇಜರ್ ವಿವೇಕ್, ಅಜ್ಜಿಯರು ಮಾರಾಟವಾಗುವುದಿಲ್ಲ ಎಂದು ದೊಡ್ಡ ಪರದೆಯ ಮೇಲೆ ಬರೆಸಿ ತೋರಿಸಿದರು. ಓಣಿ ಮಾತ್ರ ಇಟ್ಟುಕೊಂಡು ಅದರಲ್ಲಿ ಕಾರಿನ ರೇಸು ಮಾಡುತ್ತಾರೆ. ನೀವು ಹೆಜ್ಜೆ ಹೆಜ್ಜೆಗೂ ಯೋಚಿಸಿ ದಾರಿ ಹಾಕಿದ ಓಣಿ ಅದು. ಸೈಕಲ್ ರಿಕ್ಷಾ ತಿರುಗಿಸಲು ಜಾಗವಿಲ್ಲದ ಕಡೆ ಕಾರು ನುಗ್ಗಿಸಬೇಕು ಎಂದು ನಾನೀಗ ಗೋಡೆಗಳನ್ನು ಹಿಂದಕ್ಕೆ ತಳ್ಳುತ್ತ ಕೂತಿದ್ದೇನೆ.

ಬಾಲ್ಕನಿಯ ನೆರಳು ಇನ್ನೂ ಇದೆ. ಬಿಸಿಲು ಎಡಗಡೆಯಿಂದ ಬಂದರೂ ನೆರಳನ್ನು ಎಡಕ್ಕೇ ಬಿಡಿಸಿದ್ದೆನಲ್ಲ, ಆ ತಪ್ಪು. ತಿದ್ದಲು ಹೋದಾಗಲೆಲ್ಲ ನೀವು ತಡೆಯುತ್ತಿದ್ದಿರಿ. "ಇರ್ಲಿ ಬಿಡ ತಂಗಿ, ಅಜ್ಜಿ ಕಳಕೊಂಡ ಓಣ್ಯಾಗ ಸೂರ್ಯಗೂ ದಿಕ್ಕು ತಪ್ಪಿರ್ತದ" ಅನ್ನುತ್ತಿದ್ದಿರಿ. ಈಗ ಅಲ್ಲಿ ಅಜ್ಜಿಯೂ ಇಲ್ಲ, ತಡೆಯುವವರೂ ಇಲ್ಲ. ಆದರೂ ತಿದ್ದಿಲ್ಲ.

ಜಾನಕಿ ಅತ್ತಿಗೆಗೆ ನನ್ನ ನೆನಪು ಹೇಳಿ. ಸಿಟ್ಟು ಮಾಡಿಕೊಂಡಾದರೂ ಬರೆಯಿರಿ.

ಇಂಚರ


ಬೆಹಾಲಾ
14 ಜೂನ್ 2025

ತಂಗಿ ಇಂಚರ,

ಕಾಗದ ಮುಟ್ಟಿತು. ಇದೇ ಒಳ್ಳೆಯದು, ಹೀಗೇ ಬರೆ. ಫೋನಿನಲ್ಲಾದರೆ ನಾನು ಬೈಯುತ್ತೇನೆ. ಕಾಗದದಲ್ಲಾದರೆ ಬೈಗುಳಕ್ಕೂ ಒತ್ತು ದೀರ್ಘ ನೋಡಬೇಕು, ಅಷ್ಟರಲ್ಲಿ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಅಜ್ಜಿ ಹೋದದ್ದಕ್ಕೆ ಅಳಬೇಡ. ಆ ಕಂಪನಿಯಲ್ಲಿ ನಾನು ನಾಲ್ಕು ಆಟ ಕಟ್ಟಿದೆ, ನಾಲ್ಕೂ ಹೆರಿಗೆಯ ಮನೆ ಬಾಗಿಲವರೆಗೆ ಹೋಗಿ ವಾಪಸು ಬಂದವು. ಸಮುದ್ರದ ಆಟ ಮುಕ್ಕಾಲು ಆದಾಗ ಯಜಮಾನರು ಬದಲಾದರು. ಬೆಟ್ಟದ್ದು ಮುಗಿದೇ ಹೋಗಿತ್ತು, ಬಿಡುಗಡೆಗೆ ತಿಂಗಳಿದೆ ಎನ್ನುವಾಗ ಯಾರೋ ಬಂದು ಇಂಥ ಆಟಗಳ ಕಾಲ ಮುಗಿಯಿತು ಎಂದರು. ಪ್ರತಿ ಸಲವೂ ಹೊಸ ಮ್ಯಾನೇಜರು, ಹೊಸ ಕುರ್ಚಿ, ಕಾರ್ಡು ನೇತುಹಾಕುವ ಕುತ್ತಿಗೆಯ ಪಟ್ಟಿಗೆ ಹೊಸ ಬಣ್ಣ. ಬದಲಾವಣೆಯೇ ನಮ್ಮ ಬಲ ಎಂದು ಗೋಡೆಗೆ ಬರೆಸಿದ್ದರು, ನೆನಪಿದೆಯಾ? ಆ ಗೋಡೆಯನ್ನೂ ಒಡೆದು ಬೇರೆ ಕಡೆ ಕಟ್ಟಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಹತ್ತು ವರ್ಷ.

ಈಗ ಸಂದರ್ಶನಕ್ಕೆ ಹೋದರೆ ಎಲ್ಲರೂ ಕೇಳುವುದು ಒಂದೇ, ನಿಮ್ಮ ಕೆಲಸ ತೋರಿಸಿ. ಏನು ತೋರಿಸಲಿ? ಹೊರಗೆ ಬರದ ಆಟವನ್ನು ಹೊರಗಿನವರಿಗೆ ತೋರಿಸಬಾರದು ಎಂದು ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದಾರೆ. ನಾನು ಕೈ ಆಡಿಸುತ್ತ ಹೇಳುತ್ತೇನೆ: ಇಲ್ಲಿ ಮೆಟ್ಟಿಲು, ಇಲ್ಲಿ ತಿರುವು, ಈ ತಿರುವಿನಲ್ಲಿ ಆಡುವವನು ತಾನಾಗಿಯೇ ನಿಧಾನವಾಗುತ್ತಾನೆ. ಹರಿಕಥೆ ಮಾಡಿದ ಹಾಗೆ. ಅವರು ನನ್ನ ಮಗನ ವಯಸ್ಸಿನವರು. ಕೇಳುತ್ತಾರೆ, ನಗುತ್ತಾರೆ, ತಿಳಿಸುತ್ತೇವೆ ಎನ್ನುತ್ತಾರೆ.

ಒಂದು ಉಪಕಾರ ಮಾಡು. ನಮ್ಮ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದುಹೋಗುವ ಒಂದು ವಿಡಿಯೋ ತೆಗೆದು ಕಳಿಸು. ಕಾರು ನುಗ್ಗುವ ಮೊದಲಿನದು. ಶಿಫಾರಸು ಬೇಡ, ಬೇರೇನೂ ಬೇಡ. ನಾನು ಇಷ್ಟು ವರ್ಷ ಮಣ್ಣು ಹೊತ್ತಿಲ್ಲ ಎಂದು ತೋರಿಸಲು ನನಗೆ ಏನಾದರೊಂದು ಬೇಕು.

ನಿನ್ನ
ಯಶವಂತ


ನ್ಯೂ ಟೌನ್
5 ಜುಲೈ 2025

ಯಶವಂತಣ್ಣ,

ಉತ್ತರ ತಡವಾಯಿತು. ಬರೆಯಲು ಧೈರ್ಯವಿರಲಿಲ್ಲ. ನೀವು ಕೇಳಿದ್ದು ನನ್ನಿಂದ ಆಗುವುದಿಲ್ಲ.

ನೀವು ಇದ್ದಾಗಿನ ಆಫೀಸು ಇದಲ್ಲ. ಫೋನನ್ನು ಬಾಗಿಲಲ್ಲೇ ಚೀಲಕ್ಕೆ ಹಾಕಿ ಬೀಗ ಹಾಕುತ್ತಾರೆ. ನಾನು ಯಾವ ಕಡತ ತೆರೆದೆ ಎಂಬುದು ವಿವೇಕರ ಪರದೆಯಲ್ಲಿ ಬರುತ್ತದೆ. ಹೋದ ವಾರ ಕಂಪನಿಯನ್ನು ಇನ್ನೊಬ್ಬರು ಕೊಂಡರು, ಹೆಸರೂ ಬದಲಾಯಿತು. ಸೋಮವಾರ ಎಲ್ಲರನ್ನೂ ಕರೆದು, ನಿಮ್ಮ ಕೆಲಸಗಳೆಲ್ಲ ಈಗ ಖಾಲಿ ಇವೆ, ಬೇಕಾದವರು ಅರ್ಜಿ ಹಾಕಿ ಎಂದರು. ನಾನು ನನ್ನ ಕುರ್ಚಿಗೇ ಅರ್ಜಿ ಹಾಕಿದೆ. ಅದೇ ಕುರ್ಚಿಯಲ್ಲಿ ಕೂತು ಹಾಕಿದೆ. ದಿನವೂ ನನ್ನ ಪಕ್ಕದಲ್ಲಿ ಚಹ ಕುಡಿಯುವ ವಿವೇಕ್ "ನಿಮ್ಮ ಪರಿಚಯ ಹೇಳಿ" ಎಂದು ಶುರುಮಾಡಿದರು. ನಾನೂ ಹೇಳಿದೆ, ಮೈಸೂರಿನವಳು, ಗೋಡೆ ಬಿಡಿಸುತ್ತೇನೆ, ಬೆಳಕು ಬಿಡಿಸುತ್ತೇನೆ ಎಂದು. ನಾಚಿಕೆಯಿಂದ ಮುಖ ಉರಿಯುತ್ತಿತ್ತು. ಕೆಲಸ ಸಿಕ್ಕಿತು. ಸಿಕ್ಕಿತು ಎಂದು ಖುಷಿಯಾಯಿತಲ್ಲ, ಅದಕ್ಕೆ ಇನ್ನೂ ನಾಚಿಕೆಯಾಯಿತು.

ನೀವು ಕೇಳಿದ ವಿಡಿಯೋ ತೆಗೆದು ಸಿಕ್ಕಿಬಿದ್ದರೆ ನನ್ನ ಕಾರ್ಡಿಗೂ ಬಾಗಿಲು ತೆರೆಯುವುದಿಲ್ಲ. ಆಮೇಲೆ ನಾನು ಏನು ತೋರಿಸಲಿ? ನನ್ನದೂ ಆರು ವರ್ಷ, ನನ್ನದೂ ಒಂದೂ ಹೊರಗೆ ಬಂದಿಲ್ಲ. ನಿಮ್ಮ ಜೊತೆ ನಾನೂ ಬೀದಿಗೆ ಬಂದರೆ ನಿಮಗೇನು ಸಿಗುತ್ತದೆ?

ನನ್ನನ್ನು ಹೇಡಿ ಎಂದು ಬರೆದು ಕಳಿಸಿ. ಓದಿಕೊಳ್ಳುತ್ತೇನೆ.

ಇಂಚರ


ಬೆಹಾಲಾ
20 ಸೆಪ್ಟೆಂಬರ್ 2025
ನಾಳೆ ಮಹಾಲಯ

ತಂಗಿ ಇಂಚರ,

ಜುಲೈನಲ್ಲಿ ಒಂದು ಕಾಗದ ಬರೆದು ಹರಿದೆ. ಆಗಸ್ಟಿನಲ್ಲಿ ಬರೆದದ್ದನ್ನು ಜಾನಕಿ ಹರಿದಳು. "ಆ ಹುಡುಗಿ ಹೊಟ್ಟಿ ಮ್ಯಾಲ ಕಲ್ಲ ಹಾಕೂ ಮಾತು ಇವು, ಕಳಸಬ್ಯಾಡ್ರಿ" ಅಂದಳು. ಸರಿ ಎನಿಸಿತು. ಈಗ ಬರೆಯುತ್ತಿರುವುದು ಬೇರೆ ಸುದ್ದಿ.

ನನಗೆ ಕೆಲಸ ಸಿಕ್ಕಿದೆ. ನಮ್ಮ ಪಾಡಾದ, ಈ ಬಡಾವಣೆಯ, ಕ್ಲಬ್ಬಿನವರು ದುರ್ಗಾಪೂಜೆಯ ಪೆಂಡಾಲು ಹಾಕುವುದು ನಿನಗೆ ಗೊತ್ತಲ್ಲ. ಬೆಹಾಲಾದಲ್ಲಿ ಬರೀ ಪೆಂಡಾಲು ಸಾಲದು, ಪ್ರತಿ ವರ್ಷವೂ ಒಂದು ಥೀಮು ಬೇಕು, ಪಕ್ಕದ ಕ್ಲಬ್ಬಿನವರ ಹೊಟ್ಟೆ ಉರಿಯಬೇಕು. ಈ ಸಲ ಇವರ ಡಿಸೈನರ್ ಜೂನ್ ಕೊನೆಯಲ್ಲಿ ಕೈಕೊಟ್ಟು ಬೇರೆ ಕ್ಲಬ್ಬಿಗೆ ಹೋದ. ಕಾರ್ಯದರ್ಶಿ ಮಿಹಿರ್‌ದಾ ತಲೆ ಮೇಲೆ ಕೈ ಹೊತ್ತು ಮೀನಂಗಡಿ ಎದುರು ಕೂತಿದ್ದಾಗ ತರಕಾರಿಗೆ ಹೋಗಿದ್ದ ಜಾನಕಿ ತನ್ನ ಹಿಂದಿ ಬಂಗಾಳಿ ಎಲ್ಲ ಕಲಸಿ, ನಮ್ಮ ಮನೆಯವರೂ ಜನ ನಡೆಯುವ ದಾರಿ ಮಾಡುವವರೇ ಎಂದುಬಿಟ್ಟಿದ್ದಾಳೆ. ಸಂಜೆಗೆ ಮಿಹಿರ್‌ದಾ ಮನೆಗೆ ಬಂದರು.

ಇಲ್ಲೂ ದಿನಕ್ಕೊಂದು ಬದಲಾವಣೆ. ಕಮಿಟಿಯಲ್ಲಿ ಒಬ್ಬ ಕೆಂಪು ಅಂದರೆ ಇನ್ನೊಬ್ಬ ಹಳದಿ ಅನ್ನುತ್ತಾನೆ. ಆದರೆ ಒಂದು ವಿಷಯ ಯಾರೂ ಬದಲಾಯಿಸುವಂತಿಲ್ಲ. ಷಷ್ಠಿಯ ದಿನ ದುರ್ಗೆ ಬಂದೇ ಬರುತ್ತಾಳೆ. ಮುಂದಿನ ವರ್ಷಕ್ಕೆ ಹಾಕೋಣ, ಕಾಲ ಮುಗಿಯಿತು, ಬೇರೆ ಕಥೆ ಮಾಡೋಣ ಅನ್ನಲು ಇಲ್ಲಿ ಯಾವ ವಿವೇಕನಿಗೂ ಅಧಿಕಾರವಿಲ್ಲ. ನಾನು ಮಾಡಿದ್ದನ್ನು ಜನ ನೋಡಿಯೇ ನೋಡುತ್ತಾರೆ ಎಂಬ ಧೈರ್ಯದಲ್ಲಿ ಕೆಲಸ ಮಾಡುವುದು ಹೇಗಿರುತ್ತದೆ ಎಂದು ನನಗೆ ಮರೆತೇ ಹೋಗಿತ್ತು. ಬಿದಿರು ಕಟ್ಟುವವರು, ಬಟ್ಟೆ ಎಳೆಯುವವರು, ಬಣ್ಣ ಬಳಿಯುವವರು ಎಲ್ಲ ನನ್ನನ್ನು ಜಶದಾ ಎನ್ನುತ್ತಾರೆ. ದಾ ಅಂದರೆ ಅಣ್ಣ, ಜಶ ಅಂದರೆ ಯಶ; ಬಂಗಾಳಿ ನಾಲಿಗೆಗೆ ಯಕಾರ ಒಗ್ಗುವುದಿಲ್ಲ. ಇರಲಿ.

ಏನು ಕಟ್ಟಿದ್ದೇನೆ ಎಂದು ಹೇಳುವುದಿಲ್ಲ. ಸಪ್ತಮಿಗೆ ಬಾ. ನಿನ್ನ ಕಾಲಿನಿಂದಲೇ ನಡೆದು ನೋಡು.

ಯಶವಂತ


ನ್ಯೂ ಟೌನ್
8 ಅಕ್ಟೋಬರ್ 2025

ಪ್ರೀತಿಯ ಯಶವಂತಣ್ಣ,

ಬಂದಿದ್ದೆ. ನಿಮ್ಮನ್ನು ಹುಡುಕಿದೆ, ಜನಜಾತ್ರೆಯಲ್ಲಿ ಸಿಗಲಿಲ್ಲ. ಕ್ಲಬ್ಬಿನ ಹುಡುಗರು ನಿಲ್ಲಲು ಬಿಡದೆ "ಎಗಿಯೇ ಚೊಲುನ್, ಮುಂದೆ ಹೋಗಿ" ಎಂದು ತಳ್ಳಿಬಿಟ್ಟರು. ಆದದ್ದಾಗಲಿ ಎಂದು ಸಾಲಿನಲ್ಲಿ ಇನ್ನೊಮ್ಮೆ ನಿಂತು ಎರಡನೇ ಸಲ ನಡೆದೆ.

ಹೇಗೆ ಬರೆಯಲಿ ಹೇಳಿ. ಮೆಟ್ರೋ ಇಳಿದು, ನೂಕುನುಗ್ಗಲಿನಲ್ಲಿ ಚಪ್ಪಲಿ ತುಳಿಸಿಕೊಂಡು, ನಮ್ಮ ಟೀಮಿನ ರೋಹಿತ್ ಜೊತೆ ಒಳಗೆ ಕಾಲಿಟ್ಟೆ. ಮೊದಲ ತಿರುವಿಗೇ ಕಾಲಿಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ. ನಮ್ಮ ಓಣಿ! ಹಸಿರು ಕಿಟಕಿ, ಮುರಿದ ಕೊಳಾಯಿ, ಮೂರು ಮೆಟ್ಟಿಲಿನ ಆ ಕಟ್ಟೆ. ಬಿದಿರಿನಲ್ಲಿ, ಬಟ್ಟೆಯಲ್ಲಿ, ನನ್ನ ಎತ್ತರಕ್ಕೆ. ನೀವು ಹೇಳುತ್ತಿದ್ದ ತಿರುವಿನಲ್ಲಿ ಸಾವಿರ ಜನ ತಾವಾಗಿಯೇ ನಿಧಾನವಾದರು. ಅಲ್ಲಿಯವರೆಗೆ ಅರಚುತ್ತಿದ್ದ ಮಕ್ಕಳೂ ಸುಮ್ಮನಾದವು. ಓಣಿಯ ಕೊನೆಯಲ್ಲಿ ಅಜ್ಜಿ ಸಿಗಬೇಕಾಗಿದ್ದ ಜಾಗದಲ್ಲಿ ದುರ್ಗೆ ನಿಂತಿದ್ದಳು. ನನ್ನ ಮುಂದಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನಂತೂ ಗೊಳೋ ಎಂದು ಅತ್ತುಬಿಟ್ಟೆ.

ಆಮೇಲೆ ಮೇಲೆ ನೋಡಿದರೆ ಬಾಲ್ಕನಿ. ಅದರ ನೆರಳು ಎಡಕ್ಕೆ! "ಇದು ನಂದು! ಈ ತಪ್ಪು ನಂದು!" ಎಂದು ಕೂಗಿದೆ. ಸುತ್ತಲಿನವರು ತಿರುಗಿ ನೋಡಿದರು. ರೋಹಿತ್ ಬಿದ್ದು ಬಿದ್ದು ನಕ್ಕು ಎಲ್ಲವನ್ನೂ ವಿಡಿಯೋ ಮಾಡಿದ. ಆರು ವರ್ಷದಲ್ಲಿ ಮೊದಲ ಸಲ ನಾನು ಮಾಡಿದ್ದನ್ನು ಅಪರಿಚಿತರು ನೋಡಿದರು ಯಶವಂತಣ್ಣ. ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸಿತು.

ಹಬ್ಬ ಮುಗಿದು ಆಫೀಸಿಗೆ ಹೋದರೆ ಎಲ್ಲರ ಬಾಯಲ್ಲೂ ಅದೇ ಮಾತು. ರೋಹಿತನ ವಿಡಿಯೋ ವಿವೇಕರ ತನಕ ಹೋಗಿದೆ. ಕರೆದು ಕೂರಿಸಿಕೊಂಡು ಕೇಳಿದರು, ಹಳೇ ಓಣಿಗಳೆಲ್ಲ ಒಂದೇ ಥರ ಇರುತ್ತವಲ್ಲ, ಇದು ನಮ್ಮದೇ ಎಂದು ಹೇಗೆ ಹೇಳುತ್ತೀಯಾ ಎಂದು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ನೆರಳಿನ ಕಥೆ ಪೂರ್ತಿ ಹೇಳಿದೆ. ಪ್ರಪಂಚದಲ್ಲಿ ಇನ್ಯಾರೂ ಹೀಗೆ ತಪ್ಪು ಮಾಡಲಾರರು ಸರ್ ಎಂದೆ. ಬಹಳ ಗಮನವಿಟ್ಟು ಕೇಳಿದರು, ನಿಮ್ಮ ಪೂರ್ತಿ ಹೆಸರು ಬರೆದುಕೊಂಡರು. ನಿಮ್ಮನ್ನು ಮತ್ತೆ ಕರೆಸಿಕೊಳ್ಳುತ್ತಾರೇನೋ ಎಂದು ನನಗೆ ಆಸೆ ಹುಟ್ಟಿದೆ. ಕರೆದರೆ ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳದೆ ಬನ್ನಿ.

ಶುಭೋ ಬಿಜೋಯಾ, ವಿಜಯದಶಮಿಯ ಶುಭಾಶಯ. ಅತ್ತಿಗೆಗೆ ನಮಸ್ಕಾರ.

ನಿಮ್ಮ ತಂಗಿ
ಇಂಚರ


ಬೆಹಾಲಾ
12 ನವೆಂಬರ್ 2025

ಇಂಚರ,

ನಿನ್ನ ಆಸೆ ಫಲಿಸಿತು. ಕರೆಸಿಕೊಂಡರು. ಎಸ್ಪ್ಲನೇಡಿನ ಹತ್ತಿರ, ವಕೀಲರ ಕಚೇರಿಗೆ.

ನನ್ನನ್ನೂ ಮಿಹಿರ್‌ದಾರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಕಂಪನಿಯ ಸ್ವತ್ತನ್ನು ಕದ್ದು ಪೂಜೆಯಲ್ಲಿ ಪ್ರದರ್ಶಿಸಿದ್ದೇವೆ ಎಂಬ ನೋಟೀಸು. ಪೆಂಡಾಲು ಬಿಚ್ಚಿ ತಿಂಗಳಾಗಿತ್ತು, ದುರ್ಗೆ ಗಂಗೆ ಸೇರಿದ್ದಳು. ನಾನು ಧೈರ್ಯವಾಗಿಯೇ ಇದ್ದೆ. ಕೋಲ್ಕತಾದ ಹಳೇ ಓಣಿ ಕೋಲ್ಕತಾದವರದ್ದು, ಇವರಪ್ಪನ ಮನೆಯದೇನಲ್ಲ ಎಂದೆ. ಆಗ ವಕೀಲ ಒಂದು ಹೇಳಿಕೆ ಓದಿದ. ಬೆಳಕು ಎಡದಿಂದ, ನೆರಳು ಎಡಕ್ಕೆ, ಇಂಥ ತಪ್ಪು ಇನ್ನೆಲ್ಲೂ ಇಲ್ಲ, ಈ ಗೋಡೆಗಳು ಸಂಪೂರ್ಣವಾಗಿ ಕಂಪನಿಯವು. ಕೆಳಗೆ ನಿನ್ನ ಸಹಿ. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರಲ್ಲ, ನೀನು ಆಡಿದ್ದೂ ಅಲ್ಲದೆ ಬರೆದೂ ಕೊಟ್ಟೆ.

ಒಂದು ವಿಷಯ ನಿನಗೆ ಗೊತ್ತಿರಲಿ. ಬಣ್ಣದವನು ಆ ನೆರಳನ್ನು ಸರಿಯಾಗಿಯೇ ಬರೆದಿದ್ದ, ಬಲಕ್ಕೆ. ಅಳಿಸಿ ಎಡಕ್ಕೆ ಬರೆಸಿದವನು ನಾನು. "ಭುಲ್ ಹೊಚ್ಛೇ ಜಶದಾ, ತಪ್ಪಾಗ್ತದೆ" ಎಂದು ಅವನು ಜಗಳವಾಡಿದ. ಆ ಪೆಂಡಾಲಿನಲ್ಲಿ ನಿನ್ನ ಹೆಸರು ಹಾಕುವಂತಿರಲಿಲ್ಲ, ಹಾಕಿದರೆ ನಿನ್ನ ಕೆಲಸ ಹೋಗುತ್ತಿತ್ತು. ಅದಕ್ಕೇ ನಿನ್ನ ತಪ್ಪನ್ನು ಹಾಕಿದೆ.

ಕೊನೆಗೆ ನಾನೂ ಸಹಿ ಮಾಡಿದೆ. ಆ ಓಣಿ ನನ್ನದಲ್ಲ, ನನ್ನ ಕೆಲಸವೆಂದು ಎಲ್ಲೂ ಯಾರಿಗೂ ಹೇಳುವುದಿಲ್ಲ ಎಂದು. ಮಾಡದಿದ್ದರೆ ಕ್ಲಬ್ಬನ್ನು ಕೋರ್ಟಿಗೆ ಎಳೆಯುತ್ತೇವೆ ಎಂದರು. ಅರ್ಧ ಕೋಲ್ಕತಾದ ಫೋನಿನಲ್ಲಿ ಅದರ ಫೋಟೋ ಇದೆ. ನಾನೊಬ್ಬ ಮಾತ್ರ ತೋರಿಸುವಂತಿಲ್ಲ. ಮುಂದಿನ ವರ್ಷಕ್ಕೆಂದು ಎರಡು ಕ್ಲಬ್ಬಿನವರು ಮಾತಾಡಿಸಿದ್ದರು, ಈಗ ಎದುರು ಸಿಕ್ಕರೂ ರಸ್ತೆ ದಾಟುತ್ತಾರೆ. ಮಿಹಿರ್‌ದಾ ಒಳ್ಳೆಯವರು. ಟ್ರಾಮ್ ಡಿಪೋದವರೆಗೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಕಿಟಕಿಯ ಆಚೆ ನೋಡುತ್ತ ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಯಶವಂತ


ನ್ಯೂ ಟೌನ್
25 ನವೆಂಬರ್ 2025

ಯಶವಂತಣ್ಣ,

ಅವರು ಆ ಕಾಗದ ನನ್ನ ಮುಂದೆ ಇಟ್ಟಾಗ ಸಹಿ ಮಾಡುವುದಿಲ್ಲ ಎಂದೆ. ನಂಬುವುದಾದರೆ ನಂಬಿ. "ಇದರಲ್ಲಿ ಇರೋದೆಲ್ಲ ನೀನೇ ಹೇಳಿದ್ದು, ಒಂದು ಅಕ್ಷರ ನಾವು ಸೇರಿಸಿಲ್ಲ" ಎಂದರು ವಿವೇಕ್. ನಿಜವೇ. ಸಹಿ ಮಾಡದಿದ್ದರೆ ಓಣಿಯ ನಕ್ಷೆ ಹೊರಗೆ ಕಳಿಸಿದವಳು ನಾನೇ ಎಂದು ತಿಳಿಯಬೇಕಾಗುತ್ತದೆ ಎಂದರು. ಜೂನಿನಲ್ಲಿ ನೀವು ಕೇಳಿದ್ದನ್ನು ನಾನು ಕಳಿಸಿರಲಿಲ್ಲ. ಕಳಿಸದ ತಪ್ಪಿಗೆ ಶಿಕ್ಷೆ ಅನುಭವಿಸಬೇಕಿತ್ತೇ?

ನೀವು ನಿಮ್ಮ ಕಷ್ಟವನ್ನೆಲ್ಲ ಬರೆದಿದ್ದೀರಿ. ನಾನೂ ಒಂದು ಕೇಳುತ್ತೇನೆ. ಓಣಿಯ ದಾರಿ ನಿಮ್ಮದು, ಗೋಡೆ ಯಾರದ್ದು? ಒಂದೊಂದು ಇಟ್ಟಿಗೆಯ ಪಾಚಿಯನ್ನೂ ನಾನು ಬಿಡಿಸಿದ್ದೆ. ಕಂಪನಿ ನನ್ನನ್ನು ಕೇಳದೆ ಅದರಲ್ಲಿ ಕಾರು ಓಡಿಸಿತು. ನೀವು ನನ್ನನ್ನು ಕೇಳದೆ ದೇವರನ್ನು ತಂದು ಕೂರಿಸಿದಿರಿ. ಮೊದಲೇ ಒಂದು ಮಾತು ಹೇಳಿದ್ದರೆ ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನೋಡಿ ಬರುತ್ತಿದ್ದೆ. ಅಚ್ಚರಿಪಡಿಸಲು ಹೋದಿರಿ. ನಾನು ಅಚ್ಚರಿಪಟ್ಟೆ, ಅಷ್ಟೇ ನಾನು ಮಾಡಿದ ತಪ್ಪು.

ಇನ್ನು ಬರೆಯುವುದಿಲ್ಲ.

ಇಂಚರ


ನ್ಯೂ ಟೌನ್
16 ಫೆಬ್ರವರಿ 2026

ಯಶವಂತಣ್ಣನಿಗೆ,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ. ಓದದೆ ಹರಿಯಬೇಡಿ.

ಜನವರಿ ಕೊನೆಯ ವಾರ ನನ್ನ ಕಾರ್ಡಿಗೂ ಬಾಗಿಲು ತೆರೆಯಲಿಲ್ಲ. ನನಗೊಬ್ಬಳಿಗೇ ಅಲ್ಲ, ಪೂರ್ತಿ ಟೀಮಿಗೆ. ವಿವೇಕ್ ಸಹ ಹೊರಗೇ ನಿಂತಿದ್ದರು. ಕಾರ್ಡನ್ನು ಅಂಗಿಗೆ ಒರೆಸಿ ಒರೆಸಿ ಮತ್ತೆ ಇಡುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಾರಿನ ರೇಸು ಡಿಸೆಂಬರಿನಲ್ಲೇ ನಿಂತು, ಓಣಿಯನ್ನು ಬಣ್ಣದ ಹರಳು ಜೋಡಿಸುವ ಆಟದ ಹಿಂದೆ ಪರದೆಯ ಹಾಗೆ ಇಳಿಬಿಟ್ಟಿದ್ದರು. ಈಗ ಅದೂ ಬೇಡವಾಗಿದೆ. ಕೊಂಡವರು ಇಲ್ಲಿನ ಆಫೀಸನ್ನೇ ಮುಚ್ಚಿದರು. ನಿಮ್ಮನ್ನು ವಕೀಲರ ಬೆಂಚಿನ ಮೇಲೆ ಕೂರಿಸಿ ಉಳಿಸಿಕೊಂಡ ಸ್ವತ್ತು ಈಗ ಯಾರಿಗೂ ಬೇಡದ ಒಂದು ಡಬ್ಬಿಯಲ್ಲಿ ಬಿದ್ದಿದೆ.

ಸಂದರ್ಶನಕ್ಕೆ ಹೋಗುತ್ತಿದ್ದೇನೆ. ನಿಮ್ಮ ಹಾಗೆಯೇ ಕೈ ಆಡಿಸುತ್ತೇನೆ. ಹೋದ ವಾರ ಹೈದರಾಬಾದಿನ ಒಂದು ಕಂಪನಿಯವರು ಮಾತಾಡಿದರು. ಪ್ರತೀಕ್ಷಾ ಎಂದು, ನಮ್ಮವರೇ, ಹುಬ್ಬಳ್ಳಿ ಕಡೆಯವರು. ನೀವು ಮಾಡಿದ ಯಾವುದಾದರೂ ಒಂದನ್ನು ತೋರಿಸಿ ಎಂದರು. ತಡೆದುಕೊಳ್ಳಲಾಗದೆ ಪೆಂಡಾಲಿನ ಫೋಟೋ ತೋರಿಸಿದೆ, ಯಾರೋ ಹಾಕಿದ್ದು ಸಿಕ್ಕಿತ್ತು. ಈ ಗೋಡೆಗಳು ಮೂಲದಲ್ಲಿ ನನ್ನವು ಎಂದೆ. ಅವರು ಬಹಳ ಹೊತ್ತು ನೋಡಿದರು. ಇಷ್ಟವಾಯಿತು ಅಣ್ಣ, ನಿಜವಾಗಿ ಇಷ್ಟವಾಯಿತು. ಇದು ನಿಮ್ಮದೇ ಎಂದು ಹೇಳಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಪ್ರಪಂಚದಲ್ಲಿ ಅದನ್ನು ಹೇಳಬಲ್ಲವರು ನೀವೊಬ್ಬರೇ. ನಿಮ್ಮನ್ನು ಕೇಳದೆ ನಿಮ್ಮ ನಂಬರು ಕೊಟ್ಟಿದ್ದೇನೆ. ಕೇಳಲು ಮುಖವಿರಲಿಲ್ಲ. ಅವರು ಫೋನ್ ಮಾಡುತ್ತಾರೆ. ಹೌದು ಎಂದರೆ ಸಾಕು. ಇಲ್ಲವಾದರೆ ಮೈಸೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡಬೇಕು. ಅದೂ ಕೆಲಸವೇ. ಆದರೆ ನಾನು ಗೋಡೆ ಬಿಡಿಸುವವಳು ಅಣ್ಣ, ಬೇರೇನೂ ನನಗೆ ಬರುವುದಿಲ್ಲ.

ಇಂಚರ


ಬೆಹಾಲಾ
5 ಮಾರ್ಚ್ 2026

ಇಂಚರ,

ಫೋನ್ ಬಂದಿತ್ತು. ಹೋದ ಗುರುವಾರ, ಊಟಕ್ಕೆ ಕೂತಿದ್ದೆ.

ಆ ಪ್ರತೀಕ್ಷಾ ಒಳ್ಳೆಯ ಹೆಣ್ಣುಮಗಳು. ಜಾನಕಿಯ ಬಾಯಲ್ಲಿ ಬಿಟ್ಟರೆ ನಮ್ಮ ಕಡೆಯ ಮಾತು ಕೇಳಿ ವರ್ಷಗಳಾಗಿತ್ತು, ಅವಳ ದನಿಗೇ ಅರ್ಧ ಕರಗಿಹೋದೆ. "ಊಟ ಆತೇನ್ರಿ?" ಎಂದೇ ಶುರುಮಾಡಿದಳು. ಆಮೇಲೆ, "ಆ ಓಣಿ ಪೆಂಡಾಲ ನೀವ ಮಾಡಿದ್ದಂತಲ್ರೀ, ಭಾಳ ಛಲೋ ಅದ" ಅಂದಳು.

"ನನ್ನದಲ್ರೀ ಅದು. ನನಗ ಗೊತ್ತಿಲ್ಲ" ಎಂದೆ.

ಅವಳು ಮತ್ತೆ ಕೇಳಿದಳು, "ಹಂಗಾರ ಗೋಡಿ? ಇಂಚರ ಅನ್ನೂ ಹುಡುಗಿ ತನ್ನದು ಅಂತ ಹೇಳ್ಯಾಳ."

"ಗೋಡಿ ಕಂಪನಿದು ಅಂತ ಆಕೀನ ಸಹಿ ಮಾಡಿ ಕೊಟ್ಟಾಳ್ರೀ" ಎಂದೆ.

ಅವಳು ಥ್ಯಾಂಕ್ಸ್ ಹೇಳಿ ಇಟ್ಟಳು. ನಿನಗೆ ಅಲ್ಲಿಂದ ಇನ್ನು ಕರೆ ಬರಲಿಕ್ಕಿಲ್ಲ. ಯಾಕೆ ಬರಲಿಲ್ಲ ಎಂದು ಬೇರೆಯವರಿಂದ ತಿಳಿಯುವುದು ಬೇಡ, ಅದಕ್ಕೆ ಬರೆಯುತ್ತಿದ್ದೇನೆ.

ಹೆದರಿ ಹೇಳಿದ್ದಲ್ಲ. ಹೆದರಲು ಯಾರಿದ್ದಾರೆ? ಕಂಪನಿಯ ಹೆಸರು ಮತ್ತೆ ಬದಲಾಗಿದೆ. ಆ ವಕೀಲರಿಗೇ ತಮ್ಮ ಫೀಸು ಯಾರನ್ನು ಕೇಳಬೇಕು ಎಂದು ಗೊತ್ತಿಲ್ಲವಂತೆ, ಮಿಹಿರ್‌ದಾ ಹೇಳಿದರು. ಹೌದು ಎಂದಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಸಿಟ್ಟಿನಿಂದ ಹೇಳಿದೆ. ನೋಟೀಸು ಬಂದ ದಿನದಿಂದ ಮನಸ್ಸಿನಲ್ಲಿ ಇಂಥದೇ ಒಂದು ಫೋನಿಗೆ ಕಾಯುತ್ತಿದ್ದೆ ಎಂದು ಕಾಣುತ್ತದೆ, ಮಾತು ಅಷ್ಟು ಸಲೀಸಾಗಿ ಬಂತು. ಹೇಳಿದ ಮೇಲೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಹಾಗೆಯೇ ಉಳಿಯಿತು.

ಜಾನಕಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗ್ಯಾಸ್ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಬೈಯಲಿಲ್ಲ. "ಆ ಹುಡುಗಿನ್ನ ಐತವಾರ ಊಟಕ್ಕ ಕರೀರಿ. ಈ ಮಾತು ಕಾಗದದಾಗ ಬರೀಬ್ಯಾಡ್ರಿ, ಎದುರಿಗೆ ಕೂಡಿಸಿಕೊಂಡು ಹೇಳ್ರಿ" ಅಂದಳು.

ಅವಳು ಅಂದದ್ದನ್ನು ನಿನಗೆ ತಿಳಿಸಿದ್ದೇನೆ. ನಾನು ಕರೆದಿಲ್ಲ.

ಯಶವಂತ